ನೂಕುವ ಬಾಗಿಲು, ಸರಿಯುವ ಬಾಗಿಲು

ಜನವರಿ 9

ನನಗೆ ಕಾಗದ ಬರೆಯುವುದೆಂದರೆ ಆಗದು. ಐದನೇ ಕ್ಲಾಸಿಗೇ ಸ್ಲೇಟು ಬಿಸಾಕಿ ಇಸ್ತ್ರಿ ಪೆಟ್ಟಿಗೆ ಹಿಡಿದವನು ನಾನು. ಈ ಐವತ್ತು ವರ್ಷದಲ್ಲಿ ನಾನು ಬರೆದದ್ದೆಲ್ಲ ಬಟ್ಟೆಗೆ ಕಟ್ಟುವ ಚೀಟಿ: ಪ್ಯಾಂಟು ಎರಡು, ಅಂಗಿ ಮೂರು, ಕಾಲರಿನಲ್ಲಿ ಕಲೆ. ಅದಕ್ಕಿಂತ ಹೆಚ್ಚು ಬರೆಯುವ ಗರಜು ನನಗೆ ಬಿದ್ದಿಲ್ಲ. ಈಗ ಬರೆಸುತ್ತಿರುವವಳು ನೀನು. ನಿನ್ನ ಆಫೀಸಿಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಒಬ್ಬ ಹುಡುಗಿ ಸಕ್ಕರೆ ಕಲಸಿದ ದನಿಯಲ್ಲಿ "ಏನಿದ್ರೂ ಬರೆದು ಕಳಿಸ್ಬೇಕಂತೆ ಸಾರ್, ಮೇಡಂ ಹೇಳಿದಾರೆ" ಅಂದಳು. ಮೇಡಮ್ಮಂತೆ. ಆರು ವರ್ಷದ ಹಿಂದೆ ಮನೆ ಬಿಟ್ಟಾಗ ನೀನು ಕಳಿಸಿದ್ದ ಎರಡು ಸಾಲಿನ ಚೀಟಿಯಲ್ಲೂ ಅದೇ ಇತ್ತು: ಏನಿದ್ದರೂ ಬರೆದು ತಿಳಿಸಿ, ಕಾಗದದಲ್ಲಿ ಕಿರುಚಲು ಆಗುವುದಿಲ್ಲ ಎಂದು. ಆಗುತ್ತದೋ ಇಲ್ಲವೋ ಈಗ ನೋಡಿಕೋ.

ವಿಷಯ ಬಾಗಿಲಿನದು. ಬೇರೇನೂ ಅಲ್ಲ.

ನಮ್ಮ ಎದುರು ಸಾಲಿನಲ್ಲಿ ಹೊಸ ಲಾಂಡ್ರಿ ಬಂದಿದೆ. ಬಟ್ಟೆ ಒಗೆಯುವುದು ಅವರಿಗೆ ಅಷ್ಟಕ್ಕಷ್ಟೇ, ಕಾಲರಿನ ಒಳಮಡಿಕೆ ಮುಟ್ಟುವುದೇ ಇಲ್ಲ. ಆದರೆ ಬಾಗಿಲು ಮಾತ್ರ ಮುಂದೆ ಹೋಗಿ ನಿಂತರೆ ತಾನಾಗಿಯೇ ತೆರೆದುಕೊಳ್ಳುತ್ತದೆ. ಲಾಂಡ್ರಿಗೆ ಕೈಬೀಸಿಕೊಂಡು ಬರುವವರು ಯಾರಿದ್ದಾರೆ ಹೇಳು. ಎಲ್ಲರ ಎರಡು ಕೈಯಲ್ಲೂ ಗಂಟು. ನಮ್ಮ ಸ್ಪ್ರಿಂಗಿನ ಗಾಜಿನ ಬಾಗಿಲನ್ನು ಒಬ್ಬೊಬ್ಬರೂ ಒಂದೊಂದು ರೀತಿ ನೂಕುತ್ತಾರೆ. ಪರದೆ ಹೊಲಿಯುವ ದರ್ಜಿ ಬೆನ್ನು ಕೊಟ್ಟು ನೂಕುತ್ತಾನೆ. ಆಸ್ಪತ್ರೆಯ ನರ್ಸಮ್ಮ ಸೊಂಟದಿಂದ. ಬಸ್ಸಿನ ಡ್ರೈವರ್ ಮೊಣಕಾಲಿನಿಂದ, ಅದೂ ಬಾಗಿಲು ತನ್ನ ಸಾಲಗಾರ ಎಂಬಂತೆ. ಹೋದ ತಿಂಗಳು ಸಂಗೀತದ ಟೀಚರ್ ಎರಡು ದಪ್ಪ ಹೊದಿಕೆ ಅಪ್ಪಿಕೊಂಡು ಭುಜದಿಂದ ನೂಕಿದರು. ಬಾಗಿಲು ವಾಪಸ್ ಬಂದು ಮೊಣಕೈಗೆ ಬಡಿಯಿತು. ಹೊದಿಕೆ ಎತ್ತಿಕೊಂಡು ರಸ್ತೆ ದಾಟಿ ಎದುರಿನವನ ಹತ್ತಿರ ಹೋದರು. ಮೂವತ್ತು ವರ್ಷದಿಂದ ಬರುತ್ತಿದ್ದ ಗಿರಾಕಿ.

ಊರಿನಲ್ಲಿ ಇಂಥ ಬಾಗಿಲು ಕೂರಿಸುವುದು ನಿಮ್ಮ ಸಂಸ್ಥೆಯೊಂದೇ. ಅಲ್ಲಿಗೇ ಬರೆಯಿರಿ ಎಂದು ಹಟ ಹಿಡಿದವಳು ನಿನ್ನಮ್ಮ. ಅಳತೆಗೆ ಅವಳೇ ಬರಲಿ ಎಂದೂ ಸೇರಿಸಿದಳು. ಯಾರು ಬಂದರೇನು, ಬಾಗಿಲು ತೆರೆದರಾಯಿತು.

ಯಾವ ಥರದ್ದು ಹಾಕಬೇಕು ಎಂದು ತಿಳಿಸು.

ನಿನ್ನಪ್ಪ


ಜನವರಿ 21

ಮಾನ್ಯರೇ,

ತಮ್ಮ ಪತ್ರ ತಲುಪಿದೆ. ಬಾಗಿಲು ಆರಿಸುವ ಮುನ್ನ ನಮ್ಮ ವಿಭಾಗಕ್ಕೆ ಕೆಲವು ವಿವರಗಳು ಬೇಕಾಗುತ್ತವೆ. ಚೌಕಟ್ಟಿನ ಅಗಲ ಎಷ್ಟು, ಅದರ ಎರಡು ಪಕ್ಕದಲ್ಲಿ ಎಷ್ಟೆಷ್ಟು ಗೋಡೆ ಖಾಲಿ ಇದೆ? ಹೊಸ್ತಿಲಿನ ಹೊರಗೆ ನೆಲ ಸಮವೋ ಇಳಿಜಾರೋ? ಗಾಳಿ ಯಾವ ಕಡೆಯಿಂದ ಬೀಸುತ್ತದೆ? ದಟ್ಟಣೆಯ ಹೊತ್ತಿನಲ್ಲಿ ಗಂಟೆಗೆ ಎಷ್ಟು ಜನ ಓಡಾಡುತ್ತಾರೆ? ಗಾಡಿ ತಳ್ಳಿಕೊಂಡು ಹೋಗುವುದಿದೆಯೇ? ಕರೆಂಟ್ ಹೋಗುತ್ತದೆಯೇ?

ಕೊನೆಯದಾಗಿ, ಬಾಗಿಲು ಬಳಸುವವರಲ್ಲಿ ವಯಸ್ಸಾದವರು, ಗಾಲಿಕುರ್ಚಿಯವರು, ಕಣ್ಣು ಕಾಣದವರು ಇದ್ದಾರೆಯೇ? ಅಂಗಡಿಯ ಒಳಗೆ ಕೂರುವವರನ್ನೂ ಸೇರಿಸಿ ಹೇಳಬೇಕು. ಉಳಿದ ಪ್ರಶ್ನೆಗಳಿಗೆ ಅಂದಾಜಿನ ಉತ್ತರ ಸಾಕು. ಇದಕ್ಕೆ ಮಾತ್ರ ನಿಜವಾದದ್ದನ್ನೇ ಬರೆಯಿರಿ. ಯಾವ ಜಾತಿಯ ಬಾಗಿಲು ಎಂಬುದು ಇದರ ಮೇಲೆ ನಿಂತಿದೆ.

ಇಂತಿ,
ಸ್ಥಳ ಪರಿಶೀಲಕಿ, ಬಾಗಿಲು ವಿಭಾಗ


ಫೆಬ್ರವರಿ 3

ಮಾನ್ಯರೇ ಅಂತೆ. ಜಡೆ ಹಾಕಲು ಬಾರದೆ ಬಟ್ಟೆ ಒಣಗಿಸುವ ಕ್ಲಿಪ್ಪನ್ನೇ ತಲೆಗೆ ಸಿಕ್ಕಿಸಿ ನಿನ್ನನ್ನು ಶಾಲೆಗೆ ಕಳಿಸಿದವನು ನಾನು. ಈಗ ಮಾನ್ಯ.

ಅಗಲ ಐದು ಅಡಿ ಎರಡು ಇಂಚು. ದರ್ಜಿಯ ಟೇಪು ಇಸಿದುಕೊಂಡು ಅಳೆದೆ. ಎಡಕ್ಕೆ ಮೂರಡಿ ಗೋಡೆ ಖಾಲಿ, ಬಲಕ್ಕೂ ಅಷ್ಟೇ. ಹೊರಗೆ ನೆಲ ರಸ್ತೆ ಕಡೆಗೆ ಇಳಿಜಾರು, ನೀನು ಸೈಕಲ್ ಕಲಿಯಲು ಹೋಗಿ ಚರಂಡಿಗೆ ಬಿದ್ದ ಇಳಿಜಾರೇ, ಬದಲಾಗಿಲ್ಲ. ಮಧ್ಯಾಹ್ನದ ಮೇಲೆ ಕೆಳಗಿನಿಂದ ಗಾಳಿ ನುಗ್ಗಿ ಬಾಗಿಲನ್ನು ತಾನೇ ನೂಕುತ್ತದೆ. ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ನಲವತ್ತು ಜನ, ಸಂಜೆ ಇನ್ನೊಂದು ಮೂವತ್ತು, ನಡುವೆ ನೊಣ. ಹ್ಯಾಂಗರಿನ ಗಾಡಿ ದಿನಕ್ಕೆ ನಾಲ್ಕು ಸಲ ಒಳಗೆ ಹೊರಗೆ. ನೀನು ಹಾಕಿಕೊಟ್ಟ ಚಕ್ರವೇ. ಇನ್ನೂ ಕಿರುಗುಟ್ಟಿಲ್ಲ. ಕರೆಂಟ್ ಹೋಗುತ್ತದೆ, ಬರುತ್ತದೆ.

ಕೊನೆಯ ಪ್ರಶ್ನೆ. ಇಲ್ಲ. ಯಾರೂ ಇಲ್ಲ. ಗಾಲಿಕುರ್ಚಿಯವರು ಇಲ್ಲ, ಕಣ್ಣು ಕಾಣದವರು ಇಲ್ಲ. ಒಳಗೆ ಕೂರುವವಳೂ ಚೆನ್ನಾಗಿದ್ದಾಳೆ. ಅಂಗಿಗಳಿಗೆ ಗುರುತಿನ ಚೀಟಿ ಹೊಲಿಯುತ್ತಾಳೆ, ಗುಂಡಿ ಹಾಕುತ್ತಾಳೆ, ಗಿರಾಕಿಯ ಮುಖಕ್ಕೆ ಮುಖ ಕೊಟ್ಟು ಮಾತಾಡುತ್ತಾಳೆ. ನೀನು ಚಿಕ್ಕವಳಿದ್ದಾಗ ನಿನ್ನ ಜೊತೆ ಆಡುತ್ತಿದ್ದ ಆಟ ಈಗಲೂ ಬಿಟ್ಟಿಲ್ಲ. ಬಾಗಿಲು ಸದ್ದಾದ ಕೂಡಲೇ ತಲೆ ಎತ್ತದೆಯೇ ಬಂದವರು ಯಾರೆಂದು ಹೇಳುವುದು. "ನರ್ಸಮ್ಮ, ಇವತ್ತು ಕಾಲು ನೋವಾ?" ಎನ್ನುತ್ತಾಳೆ, ನರ್ಸಮ್ಮ ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ. ಎಲ್ಲರಿಗೂ ಬಾಗಿಲಿನ ಮೇಲಿನ ಗಂಟೆ ಎರಡು ಸಲ ಬಡಿಯುತ್ತದೆ, ನೂಕಿದಾಗ ಒಂದು, ಬಾಗಿಲು ವಾಪಸ್ ಬಂದಾಗ ಒಂದು. ನೀನೊಬ್ಬಳು ಬೆನ್ನಿನಿಂದ ನೂಕಿ ಹಿಮ್ಮಡಿಯಲ್ಲಿ ಬಾಗಿಲು ತಡೆಯುತ್ತಿದ್ದೆ, ಒಂದೇ ಸಲ ಬಡಿಯುತ್ತಿತ್ತು. ಅದನ್ನು ಯಾಕೆ ಬರೆದೆನೋ ಗೊತ್ತಿಲ್ಲ. ಹೊಡೆದು ಹಾಕಿದರೆ ಹಾಳೆ ಗಲೀಜಾಗುತ್ತದೆ, ಇರಲಿ.

ಬರೆದುಕೋ: ಕಣ್ಣು ಕಾಣದವರು ಇಲ್ಲ.

ಅಳತೆಗೆ ಯಾರು ಬರುತ್ತಾರೆ ಎಂದು ನಿನ್ನಮ್ಮ ಕೇಳುತ್ತಿದ್ದಾಳೆ. ನಾನು ಕೇಳುತ್ತಿಲ್ಲ.

ನಿನ್ನಪ್ಪ


ಫೆಬ್ರವರಿ 19

ಅಪ್ಪನಿಗೆ,

ಮಾನ್ಯರೇ ಎನ್ನುವುದು ಆಫೀಸಿನ ರೂಢಿ. ಬಿಟ್ಟಿದ್ದೇನೆ.

ಸುತ್ತುವ ಬಾಗಿಲು ದೊಡ್ಡ ಹೋಟೆಲುಗಳಿಗೆ ಸರಿ, ನಿಮ್ಮ ಹ್ಯಾಂಗರ್ ಗಾಡಿ ಅದರೊಳಗೆ ಸಿಕ್ಕಿಕೊಂಡರೆ ದರ್ಜಿ, ಡ್ರೈವರ್ ಎಲ್ಲರೂ ಅಲ್ಲೇ ಸುತ್ತುತ್ತಿರಬೇಕಾಗುತ್ತದೆ. ಮಡಚಿಕೊಳ್ಳುವ ಬಾಗಿಲು ಗೋಡೆಯೇ ಇಲ್ಲದ ಇಕ್ಕಟ್ಟಿನ ಜಾಗಕ್ಕೆ, ನಿಮಗೆ ಗೋಡೆ ಇದೆ. ಮೋಟಾರಿನಿಂದ ಹೊರಗೆ ತೆರೆದುಕೊಳ್ಳುವ ಬಾಗಿಲು ಹಾಕಿದರೆ ಫುಟ್‌ಪಾತಿನಲ್ಲಿ ಹೋಗುವವರ ಮುಖಕ್ಕೆ ಬಡಿಯುತ್ತದೆ, ಒಳಗೆ ತೆರೆದರೆ ಸಾಲಿನಲ್ಲಿ ನಿಂತವರ ಬೆನ್ನಿಗೆ.

ಇನ್ನೊಂದು ಜಾತಿ ಇದೆ. ಹಳೆಯ ಬಾಗಿಲನ್ನೇ ಇಟ್ಟುಕೊಂಡು ಅದರ ನೆತ್ತಿಯಲ್ಲಿ ಒಂದು ಮೋಟಾರು, ಒಂದು ತೋಳು ಕೂರಿಸುತ್ತೇವೆ. ಬಂದವರು ಬೆರಳಷ್ಟು ನೂಕಿದರೆ ಸಾಕು, ಉಳಿದದ್ದನ್ನು ಮೋಟಾರು ನಿಧಾನವಾಗಿ ನೋಡಿಕೊಳ್ಳುತ್ತದೆ, ಯಾರಿಗೂ ಬಡಿಯುವುದಿಲ್ಲ. ಸಣ್ಣ ಅಂಗಡಿಗೆ ಹಾಕುವುದುಂಟು. ಆದರೆ ಅದಕ್ಕೆ ನೂಕಲೇಬೇಕು. ನಿಮಗೆ ಅದು ಬೇಡ.

ನಿಮಗೆ ಪಕ್ಕಕ್ಕೆ ಸರಿಯುವ ಬಾಗಿಲು ಹಾಕಿಸುತ್ತಿದ್ದೇನೆ. ಎರಡು ಗಾಜಿನ ಹಲಗೆ, ಒಂದು ಎಡಕ್ಕೆ, ಒಂದು ಬಲಕ್ಕೆ. ನೆತ್ತಿಯ ಮೇಲಿನ ಸೆನ್ಸರ್ ಬಂದವರನ್ನು ಕಂಡು ತೆರೆಯುತ್ತದೆ. ಗಾಳಿ ಅದನ್ನು ಏನೂ ಮಾಡಲಾರದು. ಕರೆಂಟ್ ಹೋದರೆ ಬ್ಯಾಟರಿ ಇದೆ, ಅದೂ ಹೋದರೆ ಕೈಯಿಂದ ಎಳೆಯಬಹುದು. ಆ ಬಾಗಿಲನ್ನು ಯಾರೂ ನೂಕಬೇಕಾಗಿಲ್ಲ. ಇದನ್ನು ಗಮನದಲ್ಲಿಡಿ, ನೂಕದೆಯೇ ಯಾರು ಬೇಕಾದರೂ ಒಳಗೆ ಬರಬಹುದು.

ಅಳತೆಗೂ ಜೋಡಣೆಗೂ ನಮ್ಮ ಇಬ್ಬರು ಕೆಲಸಗಾರರು ಬರುತ್ತಾರೆ. ನಾನು ಬರುವುದಿಲ್ಲ. ಯಾಕೆ ಎಂದು ನಿಮಗೆ ಗೊತ್ತು, ಹೇಳಿದವರು ನೀವೇ.

ಅಮ್ಮನ ಬಗ್ಗೆ ನೀವು ಬರೆದದ್ದನ್ನು ಎರಡು ಸಲ ಓದಿದೆ. ಹಾಗಿದ್ದರೆ ಒಳ್ಳೆಯದು.

ಮಗಳು


ಮಾರ್ಚ್ 17

ಬಾಗಿಲು ಕೂರಿಸಿ ಹದಿನೈದು ದಿನವಾಯಿತು. ನಿನ್ನ ಕೆಲಸಗಾರರು ಕೆಲಸ ಬಲ್ಲವರು, ಸುಳ್ಳು ಹೇಳುವುದಿಲ್ಲ. ಕಸವನ್ನೂ ಗುಡಿಸಿ ಹೋದರು. ಹಳೇ ಬಾಗಿಲನ್ನು ಬಿಸಾಡಬಾರದು ಎಂದು ಮೇಡಂ ಅವರ ಅಪ್ಪಣೆಯಾಗಿದೆ ಅಂದರು. ಹಿಂದೆ ಬಾಯ್ಲರಿನ ಪಕ್ಕ ಗೋಡೆಗೆ ಒರಗಿಸಿದ್ದಾರೆ.

ಈಗ ದೂರು ಕೇಳು. ನಿನ್ನ ಬಾಗಿಲಿಗೆ ಮಾನ ಮರ್ಯಾದೆ ಇಲ್ಲ. ಬೀದಿ ನಾಯಿಗೂ ತೆರೆಯುತ್ತದೆ. ಆ ನಾಯಿಗೆ ಇದು ಗೊತ್ತಾಗಿಬಿಟ್ಟಿದೆ, ದಿನಾ ಹತ್ತು ಗಂಟೆಗೆ ಬಂದು ಫ್ಯಾನಿನ ಕೆಳಗೆ ಮಲಗುತ್ತದೆ. ಫುಟ್‌ಪಾತಿನಲ್ಲಿ ತಮ್ಮ ಪಾಡಿಗೆ ಹೋಗುವವರಿಗೂ ತೆರೆಯುತ್ತದೆ, ಅವರು ಗಾಬರಿಯಾಗಿ ನಮಸ್ಕಾರ ಮಾಡಿ ಹೋಗುತ್ತಾರೆ. ತೂಗುಹಾಕಿದ ಅಂಗಿಗಳು ಫ್ಯಾನಿನ ಗಾಳಿಗೆ ಅಲ್ಲಾಡಿದರೂ ಯಾರೋ ದೊಡ್ಡ ಮನುಷ್ಯ ಹೊರಟ ಎಂದು ತೆರೆದುಕೊಳ್ಳುತ್ತದೆ. ಖಾಲಿ ಅಂಗಿಗಳಿಗೆ ಇಷ್ಟು ಮರ್ಯಾದೆ ಕೊಡುವ ಬಾಗಿಲನ್ನು ನಾನು ಕಂಡಿಲ್ಲ. ಸೆನ್ಸರ್ ತಿರುಗಿಸಿ ಹಾಕಲು ಯಾರನ್ನಾದರೂ ಕಳಿಸು. ಗಂಟೆ ಕಟ್ಟಲು ಅದರಲ್ಲಿ ಜಾಗವೇ ಇಲ್ಲ, ಬಿಚ್ಚಿ ಮೇಜಿನ ಖಾನೆಯಲ್ಲಿ ಇಟ್ಟಿದ್ದೇನೆ.

ಗಿರಾಕಿಗಳಿಗೆ ಖುಷಿ. ಸಂಗೀತದ ಟೀಚರ್ ವಾಪಸ್ ಬಂದರು. ಆದರೆ ಯಾರು ಬಂದರೂ ಒಂದೇ ಸದ್ದು. ಸುಯ್ ಎಂದು ತೆರೆಯುತ್ತದೆ, ಸುಯ್ ಎಂದು ಮುಚ್ಚುತ್ತದೆ. ನಿನ್ನಮ್ಮ ಪ್ರತಿ ಸಲವೂ "ಯಾರು?" ಎನ್ನುತ್ತಾಳೆ. ನಾಯಿಗೂ ಯಾರು ಎನ್ನುತ್ತಾಳೆ. ಆಟ ಹೋಯಿತು.

ಇನ್ನೊಂದು ವಿಷಯ. ಇದೇ ಹನ್ನೊಂದನೇ ತಾರೀಖು ಮಧ್ಯಾಹ್ನ ನಾನು ಹಿಂದೆ ಬಾಯ್ಲರ್ ನೋಡುತ್ತಿದ್ದೆ. ಬಾಗಿಲು ತೆರೆದ ಸದ್ದಾಯಿತು, ನಿನ್ನಮ್ಮ ಎಂದಿನಂತೆ ಕೇಳಿದ್ದೂ ಕೇಳಿಸಿತು. ಉತ್ತರ ಬರಲಿಲ್ಲ. ನಾನು ಕೈ ಒರೆಸಿಕೊಂಡು ಮುಂದೆ ಬರುವಷ್ಟರಲ್ಲಿ ಬಾಗಿಲು ಮುಚ್ಚುತ್ತಿತ್ತು, ಯಾರೂ ಇಲ್ಲ. ನಾಯಿಯಿರಬೇಕು ಎಂದೆ. ಅಲ್ಲ ಎನ್ನುತ್ತಾಳೆ. ಒಂದು ಕಾಲರ್ ಇಸ್ತ್ರಿ ಮಾಡುವಷ್ಟು ಹೊತ್ತು ಯಾರೋ ನಿಂತಿದ್ದರಂತೆ. ಕೈಯಲ್ಲಿ ಬಟ್ಟೆಯ ಸದ್ದಿರಲಿಲ್ಲವಂತೆ. ಅವತ್ತಿನಿಂದ ಅವಳು ಸೂಜಿ ಮುಟ್ಟಿಲ್ಲ. ತಟ್ಟೆ ಇಟ್ಟರೆ ಹಾಗೇ ವಾಪಸ್ ತಳ್ಳುತ್ತಾಳೆ. ಪಿನ್ನಿ ಬಂದಿದ್ದಳು, ಪಿನ್ನಿ ಬಂದಿದ್ದಳು, ಇದೊಂದೇ. ನೆಲದ ಮೇಲಿನ ಗುಂಡುಪಿನ್ನೆಲ್ಲ ಆರಿಸಿ ಫ್ರಾಕಿಗೆ ಚುಚ್ಚಿಕೊಂಡು ತಿರುಗುತ್ತಿದ್ದ ನಿನಗೆ ಇಟ್ಟ ಹೆಸರು ಅವಳ ಬಾಯಿಗೆ ಆರು ವರ್ಷದ ಮೇಲೆ ಬಂದಿದೆ. ನಾನು ಬೈದೆ. ಬಂದಿದ್ದರೆ ನೀನೇ ನೋಡುತ್ತಿದ್ದೆಯಲ್ಲ ಎಂದೆ. ಆಗ ಅವಳು ಸೂಜಿ ಬಿತ್ತೆಂದು ಬಗ್ಗಿದ್ದಳಂತೆ, ಅದಕ್ಕೇ ಮುಖ ಕಾಣಲಿಲ್ಲವಂತೆ.

ಬಂದಿದ್ದೆಯಾ? ಹೌದು ಅಥವಾ ಇಲ್ಲ. ಒಂದೇ ಪದ ಬರೆ, ಸಾಕು.

ನಿನ್ನಪ್ಪ


ಏಪ್ರಿಲ್ 1

ಅಪ್ಪನಿಗೆ,

ಹೌದು.

ಒಂದು ಪದ ಸಾಕೆಂದಿರಿ. ನನಗೆ ಸಾಲದು.

ಅಮ್ಮ ಬಗ್ಗಿರಲಿಲ್ಲ. ಯಾಕೆ ಹಾಗೆ ಬರೆದಿರೋ ಗೊತ್ತಿಲ್ಲ, ಅಮ್ಮನೇ ಹಾಗೆ ಹೇಳಿದಳೋ ಅದೂ ಗೊತ್ತಿಲ್ಲ. ನಾನು ಒಳಗೆ ಬಂದು ನಾಲ್ಕು ಹೆಜ್ಜೆ ದೂರದಲ್ಲಿ ನಿಂತೆ. ಅಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ಮುಖ ಎತ್ತಿ ನೇರವಾಗಿ ನನ್ನ ಮುಖವನ್ನೇ ನೋಡಿದಳು. ನೋಡಿ, "ಯಾರು? ಬಟ್ಟೆ ಕೊಡೋಕಾ, ತಗೊಳ್ಳೋಕಾ?" ಅಂದಳು.

ಗಿರಾಕಿಗೆ ಕೇಳುವ ದನಿಯಲ್ಲೇ ಕೇಳಿದಳು. ಬೈದಿದ್ದರೆ ಅಲ್ಲೇ ಕೂತು ಅಳುತ್ತಿದ್ದೆ. ನನ್ನನ್ನು ನೋಡಿಕೊಂಡೇ ನೀನು ಯಾರೆಂದು ಗೊತ್ತಿಲ್ಲ ಎಂದು ಹೇಳುವಷ್ಟು ಅಮ್ಮನ ಮನಸ್ಸು ಕಲ್ಲಾಗಿದೆ ಎಂದುಕೊಂಡೆ. ಆರು ವರ್ಷ ನಾನೂ ಒಂದು ಸಲ ಬಂದು ನೋಡಲಿಲ್ಲ, ನ್ಯಾಯವೇ ಎಂದುಕೊಂಡೆ. ಬಾಯಿ ತೆರೆದರೆ ಏನು ಬರುತ್ತಿತ್ತೋ, ತೆರೆಯಲಿಲ್ಲ. ಹಿಂದೆ ತಿರುಗಿದೆ. ಬಾಗಿಲು ನಾನು ಕೇಳುವ ಮೊದಲೇ ತೆರೆದುಕೊಂಡಿತು.

ಇನ್ನೊಂದು ಹೇಳಿಬಿಡುತ್ತೇನೆ. ನಿಮ್ಮ ಅಂಗಡಿಗೆ ಸರಿಯಾದದ್ದು ಸರಿಯುವ ಬಾಗಿಲಲ್ಲ. ಹಳೇ ಬಾಗಿಲಿಗೆ ಮೋಟಾರಿನ ತೋಳು ಹಾಕುವ ಜಾತಿಯೇ ಸರಿಯಾಗಿತ್ತು, ನೂಕಿದರೆ ತೆರೆಯುವುದು. ಗಾಳಿಗೆ ತಡೆಯುವ ಸ್ಪ್ರಿಂಗೂ ಸಿಗುತ್ತದೆ. ಮೊದಲನೇ ವರ್ಷದ ಕೆಲಸಗಾರನೂ ಇದನ್ನು ಹೇಳುತ್ತಾನೆ. ನನ್ನ ಕೆಲಸದಲ್ಲಿ ನಾನು ಗಿರಾಕಿಗೆ ತಪ್ಪು ಹೇಳಿದ್ದು ಇದೊಂದೇ ಸಲ. ಯಾಕೆಂದರೆ ಆರು ವರ್ಷದ ಹಿಂದೆ ಅಮ್ಮನ ಕಣ್ಣಿನ ವಿಷಯಕ್ಕೆ ಜಗಳವಾದಾಗ ನೀವು ಬೆರಳು ತೋರಿಸಿ ಹೇಳಿದ್ದಿರಿ, "ಇನ್ಮೇಲೆ ಈ ಬಾಗ್ಲು ನೂಕ್ಕೊಂಡು ಒಳಗೆ ಬಂದ್ರೆ ನೀನು ನನ್ನ ಮಗಳಲ್ಲ." ನನ್ನದೂ ನಿಮ್ಮ ಹಟವೇ. ನೂಕುವುದಿಲ್ಲ ಎಂದು ನಿರ್ಧರಿಸಿದ್ದೆ. ನಿಮ್ಮ ಮೊದಲ ಕಾಗದ ಬಂದಾಗ, ನೂಕಬೇಕಾಗಿಲ್ಲದ ಬಾಗಿಲು ಕೂರಿಸಿದರೆ ನಿಮ್ಮ ಮಾತೂ ಉಳಿಯುತ್ತದೆ, ನಾನೂ ಒಳಗೆ ಬರಬಹುದು ಅನ್ನಿಸಿತು. ಮೂರ್ಖತನ. ಆಗ ಮೂರ್ಖತನದಂತೆ ಕಾಣಲಿಲ್ಲ.

ಸೆನ್ಸರ್ ಸರಿಮಾಡಲು ಕೆಲಸಗಾರರು ಸೋಮವಾರ ಬರುತ್ತಾರೆ.

ಇನ್ನು ಬರೆಯಬೇಡಿ.

ಮಗಳು


ಏಪ್ರಿಲ್ 8

ಬರೆಯಬೇಡಿ ಎಂದರೆ ಬಿಡುತ್ತೇನೆಯೇ. ಬರೆಸಿದವಳೇ ನೀನು.

ನಿನ್ನಮ್ಮನಿಗೆ ಕಣ್ಣು ಕಾಣುವುದಿಲ್ಲ.

ಎಡಗಣ್ಣು ನೀನಿದ್ದಾಗಲೇ ಹೋಗಿತ್ತು. ಬಲಗಣ್ಣು ಹೋಗಿ ಎರಡು ವರ್ಷವಾಯಿತು. ಬೆಳಕಿದೆಯೋ ಇಲ್ಲವೋ ಎಂಬುದೂ ತಿಳಿಯುವುದಿಲ್ಲ. ಕಣ್ಣಿನೊಳಗಿನ ಒತ್ತಡ ಎಂದು ಡಾಕ್ಟರ್ ಹೇಳಿದ್ದು ನಿನ್ನೆದುರಿಗೇ. ತಕ್ಷಣ ಆಪರೇಷನ್ ಆಗಬೇಕು ಎಂದಾಗ ಶಾಲೆ ಶುರುವಾಗುವ ಸಮಯ, ಸಮವಸ್ತ್ರದ ರಾಶಿ ಬಾಗಿಲು ತನಕ ಬಿದ್ದಿತ್ತು. ಈ ತಿಂಗಳು ಕಳೆಯಲಿ ಎಂದೆ. ಮುಂದಿನ ತಿಂಗಳೂ ಅದನ್ನೇ ಎಂದೆ. ಅವಳ ಕಣ್ಣು ತೆಗೀತಿರೋದು ಕಾಯಿಲೆ ಅಲ್ಲ, ನೀವು, ಎಂದು ನೀನು ಹೇಳಿದಾಗ ನಿನ್ನನ್ನು ಹೊರಗೆ ಹಾಕಿದೆ. ನೀನು ಹೇಳಿದ್ದು ಸರಿ. ಅದನ್ನು ಬಾಯಿಬಿಟ್ಟು ಹೇಳಲು ನನಗೆ ಆಗುವುದಿಲ್ಲ, ಅದಕ್ಕೇ ಬರೆದಿದ್ದೇನೆ. ಇನ್ನೊಂದು ಸಲ ಬರೆಯಲು ಹೇಳಬೇಡ.

ಕಣ್ಣು ಕಾಣದವರು ಇದ್ದಾರೆಯೇ ಎಂಬ ನಿನ್ನ ಪ್ರಶ್ನೆಗೆ ಇಲ್ಲ ಎಂದು ಬರೆದೆನಲ್ಲ. ನಿಜ ಬರೆದರೆ ನೀನು ಗೆದ್ದಂತಾಗುತ್ತಿತ್ತು. ಅಷ್ಟೇ ಕಾರಣ. ಬೇರೆ ಕಾರಣ ಹುಡುಕಿ ನೋಡಿದೆ, ಸಿಗಲಿಲ್ಲ. ಸೂಜಿ ಬಿದ್ದು ಬಗ್ಗಿದ್ದಳು ಎಂಬುದೂ ನಾನು ಕಟ್ಟಿದ ಮಾತು.

ಅವಳು ನಿನ್ನ ಮುಖವನ್ನು ನೇರ ನೋಡಿದಳು ಎಂದು ಬರೆದಿದ್ದೀಯ. ಹಾಗೆ ನೋಡಲು ಕಲಿಸಿದವನು ನಾನು. ಗಿರಾಕಿಗಳಿಗೆ ಗೊತ್ತಾಗಬಾರದು ಎಂದು ಅಂಗಡಿ ಮುಚ್ಚಿದ ಮೇಲೆ ದಿನಾ ಅರ್ಧ ಗಂಟೆ ಕೂರಿಸುತ್ತಿದ್ದೆ. ನಾನು ಬಾಗಿಲ ಹತ್ತಿರ ನಿಂತು ಕೆಮ್ಮುವುದು, ಅವಳು ಮುಖ ತಿರುಗಿಸುವುದು. ಇನ್ನೂ ಸ್ವಲ್ಪ ಎಡಕ್ಕೆ, ಗಲ್ಲ ಮೇಲೆ, ಹಾಂ, ಈಗ ಸರಿ. ಆರು ತಿಂಗಳಲ್ಲಿ ನರ್ಸಮ್ಮನೂ ಕಂಡುಹಿಡಿಯದಷ್ಟು ಕಲಿತಳು. ಬಾಗಿಲು ನೂಕುವ ಸದ್ದಿನಿಂದ ಬಂದವರು ಯಾರೆಂದು ತಿಳಿಯುವುದು, ಉಸಿರಿನ ಕಡೆಗೆ ಮುಖ ಎತ್ತುವುದು. ನೀನು ಆಟ ಎಂದುಕೊಂಡದ್ದು ಅವಳಿಗೆ ಕಣ್ಣು. ಆ ಕಣ್ಣನ್ನೂ ನಾನೇ ಬಿಚ್ಚಿಸಿ ಬಾಯ್ಲರಿನ ಪಕ್ಕ ಒರಗಿಸಿದೆ.

ನಿನ್ನ ಕಾಗದಗಳನ್ನು ಅವಳಿಗೆ ನಾನೇ ಓದಿ ಹೇಳುತ್ತಿದ್ದೆ. ಪ್ರತಿ ಸಲ ಕೊನೆಯಲ್ಲಿ "ಅಮ್ಮನನ್ನು ಕೇಳಿದೆ ಎಂದು ಹೇಳಿ" ಎಂದು ಸೇರಿಸುತ್ತಿದ್ದೆ. ನೀನು ಬರೆದಿರಲಿಲ್ಲ. ಅವಳು ತಲೆಯಾಡಿಸುತ್ತಿದ್ದಳು. ಈ ಸಲದ್ದನ್ನು ಓದುವುದೋ ಬೇಡವೋ ಎಂದು ಮೂರು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಕಾಗದ ಮುದುರುವ ಸದ್ದು ಅವಳಿಗೆ ಕೇಳಿಸಿದೆ. "ಸೇರಿಸ್ದೆ ಓದಿ" ಅಂದಳು. ಅಂದರೆ ಮೊದಲಿನಿಂದಲೂ ಗೊತ್ತಿತ್ತು.

ಓದಿದೆ. ಒಂದಕ್ಷರ ಬಿಡಲಿಲ್ಲ.

"ಎಷ್ಟು ಹೆಜ್ಜೆ ದೂರ ಅಂತ ಬರ್ದಿದಾಳೆ?" ಎಂದು ಕೇಳಿದಳು. ನಾಲ್ಕು ಎಂದೆ. ಎದ್ದು ಮೇಜು ಬಳಸಿಕೊಂಡು ಹೋಗಿ, ಹೆಜ್ಜೆ ಎಣಿಸಿ ನಾಲ್ಕನೆಯದರಲ್ಲಿ ನಿಂತಳು. ಬಾಗಿಲು ಅವಳನ್ನು ಕಂಡು ತೆರೆದುಕೊಂಡಿತು. ಅಲ್ಲೇ ನಿಂತು ಕೈ ಮುಂದೆ ಚಾಚಿ, ಯಾರೋ ಅಲ್ಲಿದ್ದಾರೆ ಎಂಬಂತೆ ಗಾಳಿಯಲ್ಲಿ ಸವರಿದಳು. "ನಾನು ಬಟ್ಟೆ ಕೇಳಿದ್ನಲ್ಲಾ," ಅಂದಳು. "ಮಗು ಬಂದು ನಿಂತಿದ್ರೆ ಬಟ್ಟೆ ಕೇಳಿದ್ನಲ್ಲಾ." ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ದಿನದ ಮಾತನ್ನು ವಾಪಸ್ ತೆಗೆದುಕೊಂಡಿದ್ದೇನೆ. ಹಳೇ ಬಾಗಿಲು ಹಾಕು, ಅದಕ್ಕೆ ತೋಳು ಕೂರಿಸು. ನೂಕಿಕೊಂಡು ಬಾ.

ಅಪ್ಪ


ಮೇ 12

ಒಂದು ತಿಂಗಳು ನಾಲ್ಕು ದಿನ ಕಾದೆ. ಏಳು ಸಲ ಅಂಚೆಯವನನ್ನು ತಡೆದು ಕೇಳಿದ್ದೇನೆ. ಅವನು ಈಗ ನಮ್ಮ ಅಂಗಡಿ ಬಂದರೆ ರಸ್ತೆಯ ಆಚೆ ಬದಿಗೆ ದಾಟುತ್ತಾನೆ. ನಿನ್ನ ಆಫೀಸಿಗೂ ಫೋನ್ ಮಾಡಿದೆ. ಆ ಸಕ್ಕರೆ ಹುಡುಗಿ ಈ ಸಲ ಮೆತ್ತಗೆ ಮಾತಾಡಿದಳು. "ನಿಮ್ಮ ಕಾಗದ ಬಂದಿದೆ ಸಾರ್, ಮೇಡಂ ಓದಿದಾರೆ, ಮೇಜಿನ ಮೇಲೇ ಇಟ್ಕೊಂಡಿದಾರೆ" ಅಂದಳು. ಮತ್ತೆ ಉತ್ತರ ಎಂದೆ. ಗೊತ್ತಿಲ್ಲ ಸಾರ್ ಅಂದಳು. ನಾನು ಕಿರುಚಲಿಲ್ಲ. ಬೇಕಾದರೆ ಅವಳನ್ನೇ ಕೇಳು.

ಓದಿ ಸುಮ್ಮನಿದ್ದೀಯ. ಎರಡು ವರ್ಷ ಮುಚ್ಚಿಟ್ಟವನಿಗೆ ಒಂದು ತಿಂಗಳ ಸುಮ್ಮನಿರುವಿಕೆ ಹೆಚ್ಚೇನಲ್ಲ, ಒಪ್ಪಿದೆ. ನನ್ನ ಮೇಲೆ ಕೋಪವಿದ್ದರೆ ಇರಲಿ, ಸಾಯುವ ತನಕ ಇಟ್ಟುಕೋ. ಆದರೆ ಅದರ ಭಾರ ಹೊರುತ್ತಿರುವವಳು ಮೇಜಿನ ಹಿಂದೆ ಕೂತಿದ್ದಾಳೆ.

ನಾನು ಮಾಡಿದ್ದು ಹೇಳುತ್ತೇನೆ. ನಿನ್ನ ಸರಿಯುವ ಬಾಗಿಲಿನ ಮೋಟಾರು ಆರಿಸಿಬಿಟ್ಟೆ. ಬ್ಯಾಟರಿಯನ್ನೂ ಕಿತ್ತೆ. ಈಗ ಎಲ್ಲರೂ ಅದನ್ನು ಕೈಯಿಂದ ಎಳೆಯಬೇಕು. ಗಿರಾಕಿಗಳು ಬೈಯುತ್ತಾರೆ, ಅರ್ಧ ಜನ ಎದುರಿನವನ ಹತ್ತಿರ ಹೋದರು, ಹೋಗಲಿ. ನಾಯಿಯೂ ಹೋಯಿತು. ಉಳಿದವರು ಒಬ್ಬೊಬ್ಬರೂ ಒಂದೊಂದು ರೀತಿ ಎಳೆಯುತ್ತಾರೆ. ದರ್ಜಿ ಗಂಟನ್ನು ಕೆಳಗಿಟ್ಟು ಎರಡು ಕೈಯಲ್ಲಿ. ಡ್ರೈವರ್ ಬೂಟಿನ ತುದಿ ಸಿಕ್ಕಿಸಿ. ನರ್ಸಮ್ಮ ಒಂದಿಷ್ಟು ಎಳೆದು, ನಿಂತು, ಉಸಿರು ಬಿಟ್ಟು, ಮತ್ತೆ ಎಳೆಯುತ್ತಾರೆ. ನಿನ್ನಮ್ಮ ಮೊದಲಿನಿಂದ ಕಲಿಯುತ್ತಿದ್ದಾಳೆ. ಒಂದೊಂದು ಸದ್ದಿಗೂ ಕತ್ತು ವಾಲಿಸಿ ಕಾಯುತ್ತಾಳೆ, ತಪ್ಪಾಗಿ ಹೇಳುತ್ತಾಳೆ, ಮರುದಿನ ಸರಿಯಾಗಿ ಹೇಳುತ್ತಾಳೆ. ಇಲ್ಲಿಯವರೆಗೆ ಹನ್ನೊಂದು ಜನರನ್ನು ಕಲಿತಿದ್ದಾಳೆ.

ನಿನ್ನದು ಅದರಲ್ಲಿಲ್ಲ. ನೀನು ಅದನ್ನು ಎಳೆದೇ ಇಲ್ಲವಲ್ಲ, ಅವಳು ಎಲ್ಲಿಂದ ಕಲಿಯಬೇಕು. ಅದಕ್ಕೇ ಈಗ ಅವಳಿಗೆ ಹೊಸ ಭಯ. ಅಪರಿಚಿತ ಸದ್ದು ಬಂದರೆ ಬಟ್ಟೆ ಕೇಳುವುದಿಲ್ಲ. ಯಾರು ಎಂದೂ ಕೇಳುವುದಿಲ್ಲ. "ಪಿನ್ನೀ" ಎನ್ನುತ್ತಾಳೆ. ಹೋದ ವಾರ ವಿದ್ಯುತ್ ಮೀಟರ್ ಓದಲು ಬಂದವನಿಗೆ ಪಿನ್ನೀ ಎಂದಳು. ಅವನು ನನ್ನ ಮುಖ ನೋಡಿದ. ನಾನು ಮೀಟರ್ ಆ ಕಡೆ ಇದೆ ಎಂದು ತೋರಿಸಿದೆ.

ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಎದ್ದು ಹಿಂದೆ ಬಾಯ್ಲರಿನ ಹತ್ತಿರ ಹೋಗುತ್ತಾಳೆ. ಅವಳ ಕಾಟ ತಾಳದೆ ಹಳೇ ಬಾಗಿಲಿನ ಧೂಳು ಒರೆಸಿ, ಹಿಂದಿನ ಕೋಣೆಯ ಚೌಕಟ್ಟಿಗೆ ಒಂದು ಕೀಲಿನಿಂದ ನೇತುಹಾಕಿ, ಗಂಟೆಯನ್ನೂ ಕಟ್ಟಿದ್ದೇನೆ. ನೆಟ್ಟಗಿಲ್ಲ, ಕೆಳಗೆ ನೆಲ ಕೆರೆಯುತ್ತದೆ. ನೀನು ನೋಡಿದರೆ ನಗುತ್ತೀಯ. ಅವಳು ಅದನ್ನು ನೂಕುತ್ತಾಳೆ. ಗಂಟೆ ಬಡಿಯುತ್ತದೆ. ವಾಪಸ್ ಬರುವ ಬಾಗಿಲನ್ನು ಅಂಗೈಯಲ್ಲಿ ಹಿಡಿದು ತಡೆಯುತ್ತಾಳೆ, ಎರಡನೇ ಸಲ ಬಡಿಯಲು ಬಿಡುವುದಿಲ್ಲ. ನಾನು ಮುಂದೆ ಇಸ್ತ್ರಿ ಹಿಡಿದು ನಿಂತಿರುತ್ತೇನೆ. ಒಂದು ಸಲ ಕೇಳಿಸುತ್ತದೆ, ಆಮೇಲೆ ಏನೂ ಕೇಳಿಸುವುದಿಲ್ಲ. ನಿನ್ನೆ ಒಂದು ಬಿಳಿ ಅಂಗಿ ಸುಟ್ಟೆ. ಐವತ್ತು ವರ್ಷದಲ್ಲಿ ಮೊದಲನೆಯದು.

ಬೇಕಾದದ್ದು ಇಷ್ಟೇ. ಸರಿಯುವ ಬಾಗಿಲನ್ನು ಬಿಚ್ಚಬೇಕು. ಹಳೇ ಬಾಗಿಲನ್ನು ಅದರ ಜಾಗಕ್ಕೆ ಹಾಕಿ, ನೂಕಿದರೆ ತೆರೆಯುವ ತೋಳನ್ನು ಕೂರಿಸಬೇಕು. ಗಂಟೆಗೆ ಜಾಗ ಬಿಡಬೇಕು. ಕೆಲಸಗಾರರನ್ನು ಕಳಿಸಬೇಡ, ನನಗೆ ಅವರು ಬೇಡ. ಫಾರಂ ಇದ್ದರೆ ಕಳಿಸು, ಈ ಸಲ ಎಲ್ಲದಕ್ಕೂ ನಿಜವನ್ನೇ ಬರೆಯುತ್ತೇನೆ. ಕಣ್ಣು ಕಾಣದವರು ಇದ್ದಾರೆಯೇ ಎಂಬುದಕ್ಕೆ ಇದ್ದಾರೆ ಎಂದು ಬರೆಯುತ್ತೇನೆ. ಒಬ್ಬರಲ್ಲ, ಇಬ್ಬರು ಎಂದು ಬರೆಯುತ್ತೇನೆ.

ಬರುವುದಿಲ್ಲ ಎಂದರೆ ಅದನ್ನೂ ಬರೆದು ಕಳಿಸು. ಸೇರಿಸದೆ ಓದಿ ಹೇಳುತ್ತೇನೆ.

ಮೇ ಮೂವತ್ತರೊಳಗೆ ಉತ್ತರ ಬರಬೇಕು.

ಅಪ್ಪ